ನೀನು ಮೊದಲು ಹೊದಿಸಿದ ಮನೆ

ನನ್ನವ್ವಾ,

ಗುಡ್ಡ ಉರಿದ ಆ ಬೇಸಿಗೆಯಲ್ಲಿ ನಾನು ಏಳನೆಯ ತರಗತಿಯಲ್ಲಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಗುಡ್ಡದ ಒಣಹುಲ್ಲಿಗೆ ಹತ್ತಿದ ಬೆಂಕಿ ಮಧ್ಯಾಹ್ನದ ಗಾಳಿಗೆ ಕಬ್ಬಿನ ಹೊಲಗಳಿಗೆ ಇಳಿದು, ಅಲ್ಲಿಂದ ನಮ್ಮ ಓಣಿಯ ಛಪ್ಪರಗಳಿಗೆ ದಾಟಿತು. ನೀನು ನನ್ನ ಕೈ ಹಿಡಿದು ಹಳ್ಳದ ಕಡೆ ಓಡಿದೆ. ಪಕ್ಕದ ಮನೆಯ, ನನಗೆ ಚಿಕ್ಕಮ್ಮನಂತಿದ್ದ ಮೈರೂನ ಮಾವಶಿ ಹಿಂದೆ ಉಳಿದಳು. ನಮ್ಮ ಎಮ್ಮೆಯ ಹಗ್ಗ ಬಿಚ್ಚುವಾಗ ಅವಳ ಎರಡೂ ಕೈ ಸುಟ್ಟವು. ಎಮ್ಮೆ ಬದುಕಿತು. ಅವಳನ್ನು ಹಾರೂಗೇರಿಯ ದವಾಖಾನೆಗೆ ಸೇರಿಸಿದರು.

ಮೂರನೆಯ ದಿನ ಬಂದ ಚಕ್ಕಡಿಗಳು ನೆನಪಿವೆಯೇ? ನೆರೆಯೂರು ಪಾಲಬಾವಿಯ ಮಂದಿ ಯಾರೂ ಕರೆಯದೆ ಬಂದಿದ್ದರು. ನಮಗೆ ರೊಟ್ಟಿ, ದನಗಳಿಗೆ ಮೇವು, ಬಿದಿರಿನ ಗಳ, ಸೂರಿಗೆ ಹೊದಿಸಲು ಕಬ್ಬಿನ ಒಣಗಿದ ಎಲೆಯ ಹೊರೆಗಳು. ದಿನಕ್ಕೆ ಒಂದೇ ಮನೆ ಹೊದಿಸಲು ಆಗುತ್ತಿತ್ತು. ಯಾರದು ಮೊದಲು ಎಂದು ಹಿರಿಯರು ಕೇಳಿದಾಗ ನೀನು ಅಪ್ಪನ ಮುಖವನ್ನೂ ನೋಡಲಿಲ್ಲ.

“ಮೈರೂನಂದು ಮೊದಲ ಮಾಡ್ರಿ. ಕೈಗೆ ಪಟ್ಟಿ ಕಟಗೊಂಡ ಬರಾಕಿ ಬಯಲಾಗ ಕುಂದರಬೇಕೇನು?”

ಅವರು ಛಪ್ಪರ ಏರಿಸಿದರು. ನೀನು ಬೂದಿ ಬಾಚಿದೆ, ಕಪ್ಪಾದ ಗೋಡೆಗೆ ಮಣ್ಣು ಮೆತ್ತಿದೆ, ನೆಲ ಸಾರಿಸಿದೆ, ಬಾಗಿಲ ಮುಂದೆ ಸೆಗಣಿ ನೀರು ಹೊಡೆದೆ. ನಮ್ಮ ಮನೆ ಸುಟ್ಟ ಹಾಗೆಯೇ ನಿಂತಿತ್ತು.

ಮರುದಿನ ಸುಟ್ಟದ್ದರ ಪಂಚನಾಮೆ ಬರೆಯಲು ಊರಿನ ಸರಕಾರಿ ಲೆಕ್ಕಿಗ, ತಲಾಠಿ, ಬಂದರು. ಸುಟ್ಟ ಮನೆಗಳಿಗೆ ಸರಕಾರ ತಗಡು ಕೊಟ್ಟು ಗೋಡೆ ಕಟ್ಟಿಸುತ್ತದೆ ಎಂದರು. ನಮ್ಮ ಮನೆಯ ಮುಂದೆ ನಿಂತು ಲೊಚಗುಟ್ಟಿ ಬರೆದುಕೊಂಡರು. ಮಾವಶಿಯ ಮನೆಯ ಮುಂದೆ ಬಂದಾಗ ಪೆನ್ನು ಕಿಸೆಗೆ ಹೋಯಿತು. ಇದೂ ಸುಟ್ಟದ್ದೇ, ನಾನೇ ಮೆತ್ತಿದ್ದು ಎಂದು ನೀನು ಹಸಿಮಣ್ಣನ್ನು ಉಗುರಿನಿಂದ ಕೆರೆದು ತೋರಿಸಿದೆ.

“ಒಲಿ ಹೊಗಿಗೂ ಗ್ವಾಡಿ ಕರ್ರಗಾಗತಾವ ಅಕ್ಕಾರ. ನಾ ಕಂಡದ್ದ ಬರಿಯಾಂವ,” ಎಂದರು ಅವರು. ಅವರ ಮನಸ್ಸು ಕೆಟ್ಟದ್ದೆಂದು ನನಗೆ ಈಗ ಅನ್ನಿಸುವುದಿಲ್ಲ. ನೀನು ಅಷ್ಟು ಚೆಂದ ಮಾಡದೆ ಇದ್ದಿದ್ದರೆ, ಒಂದೇ ಒಂದು ದಿನ ತಡೆದಿದ್ದರೆ...

ತಾಲೂಕು ಕಚೇರಿಗೆ ಎಷ್ಟು ಸಲ ಹೋದೆ ಅವ್ವಾ? ಪಾಲಬಾವಿಯ ಹಿರಿಯರನ್ನೂ ಸಾಕ್ಷಿಗೆ ಕರೆದೊಯ್ದೆ. ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತು. ನಮಗೆ ಬಂದ ತಗಡು ಅವಳಿಗೆ ಕೊಡೋಣವೆಂದರೆ ಅಪ್ಪ ಒಪ್ಪಲಿಲ್ಲ. ಆ ಮಳೆಗಾಲ ನಾವು ಬೆಚ್ಚಗೆ ಮಲಗಿದ್ದಾಗ, ಬೆಂಕಿಯಲ್ಲಿ ಬೆಂದಿದ್ದ ಅವಳ ಗೋಡೆ ಕುಸಿಯಿತು. ಮಾವಶಿ ಮಗಳನ್ನು ಕರೆದುಕೊಂಡು ನಿಪ್ಪಾಣಿಗೆ, ತಂಬಾಕಿನ ಕೆಲಸಕ್ಕೆ ಹೊರಟಳು. ಚಕ್ಕಡಿ ಓಣಿ ದಾಟುವವರೆಗೂ ನೀನು ಒಳಗೇ ಕುಳಿತಿದ್ದೆ.

ಆಮೇಲೆ ಪ್ರತಿ ಉಗಾದಿಗೂ, ಹೋಗಿ ಬರೋಣ ಎಂದು ನಾನು ಹೇಳುತ್ತಿದ್ದೆ. “ಯಾವ ಮಾರಿ ಹೊತಗೊಂಡ ಹೋಗ್ಲಿ?” ಎನ್ನುತ್ತಿದ್ದೆ ನೀನು. ತೊಂಬತ್ತರ ದಶಕವೂ ಹಾಗೆಯೇ ಕಳೆಯಿತು. ಆಮೇಲೆ ನಾನೂ ಕೇಳುವುದನ್ನು ಬಿಟ್ಟೆ. ಯಾಕೆ ಬಿಟ್ಟೆನೋ.

ಹೋದ ತಿಂಗಳು ನಿಪ್ಪಾಣಿಯ ಕಾಲೇಜೊಂದರಲ್ಲಿ ಕವಿತೆಯ ಬಗ್ಗೆ ಮಾತಾಡಲು ಹೋದವಳು, ಕೇಳುತ್ತ ಕೇಳುತ್ತ ಮಾವಶಿಯ ಮನೆ ಮುಟ್ಟಿದೆ. ಅವಳ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಆ ಗೋಡೆ, ಆ ಪಂಚನಾಮೆ, ಎಲ್ಲವನ್ನೂ ನಿನ್ನ ಪರವಾಗಿ ಒಪ್ಪಿಕೊಂಡೆ.

“ನಂಗೊತ್ತೈತಿ,” ಎಂದಳು. “ದವಾಖಾನಿಂದ ಬಂದ ದಿನಾನ ಓಣಿ ಮಂದಿ ಹೇಳ್ಯಾರ. ಮನಿ ಹೋದ್ರ ಹೋಗ್ಲಿ. ನಿಮ್ಮವ್ವ ಒಮ್ಮಿ ಬರಬಾರದಿತ್ತೇನ? ಅದೊಂದ ಸಿಟ್ಟ ನನಗ.” ಚಹಾ ಮುಂದಿಟ್ಟು ಕೇಳಿದಳು, “ಆರಾಮ ಅದಾಳಿಲ್ಲ?”

ನೀನು ಹೋಗಿ ನಾಲ್ಕು ವರ್ಷವಾಯಿತು ಎಂದೆ.

“ಮಣ್ಣಿಗಾದ್ರೂ ಹೇಳಿ ಕಳಸಬೇಕಿತ್ತ, ಮಗಳ.”

ಈ ತಪ್ಪು ನನ್ನದು ಅವ್ವಾ, ನಿನ್ನದಲ್ಲ. ಬರುವ ಅಮಾವಾಸ್ಯೆಗೆ ಅವಳನ್ನು ಹೊಲಕ್ಕೆ, ನಿನ್ನ ಸಮಾಧಿಗೆ ಕರೆತರುತ್ತೇನೆ. ಬರುತ್ತೇನೆ ಎಂದಿದ್ದಾಳೆ. ಮೊಣಕಾಲು ನೋವು, ನಿಧಾನವಾಗಿ ನಡೆಸಿಕೊಂಡು ಬರಬೇಕು. ನಾನು ಬದುವಿನ ಮೇಲೆ ದೂರವೇ ನಿಲ್ಲುತ್ತೇನೆ. ನೀವಿಬ್ಬರೇ ಮಾತಾಡಿಕೊಳ್ಳಿ.