ಟರ್ಬೊ ತಣಿಯುವವರೆಗೆ

ಧಾರವಾಡ

ಕುಮಾರಸ್ವಾಮಿ ಅವರಿಗೆ ಸುಕನ್ಯಾಳ ನಮಸ್ಕಾರ.

ನಮ್ಮವರು ತೀರಿಕೊಂಡ ಮೇಲೆ ಅವರ ಕಾರು ನಿಮ್ಮಂಥವರ ಕೈ ಸೇರಿದ್ದು ನನಗೆ ಸಮಾಧಾನ. ಆದರೆ ನೀವು ಅದರ ಬೂಸ್ಟ್, ಅಂದರೆ ಟರ್ಬೊದ ಒತ್ತಡ, ಏರಿಸಲು ಗ್ಯಾರೇಜಿಗೆ ಕೊಡುವಿರೆಂದು ನಮ್ಮ ನೆರೆಮನೆಯ ನಿಮ್ಮ ಅಕ್ಕ ಹೇಳಿದರು. ದಯವಿಟ್ಟು ಬೇಡ. ಎಂಜಿನ್ನಿಗೆ ಗಾಳಿ ತುಂಬುವ ಆ ಟರ್ಬೊದಲ್ಲಿ ಒಂದು ಸಣ್ಣ ಬಾಗಿಲಿದೆ. ಒತ್ತಡ ಮಿತಿ ಮುಟ್ಟಿದಾಗ ಅದು ತೆರೆದು, ಹೆಚ್ಚಿನ ಹೊಗೆಯನ್ನು ಒಳಗಿನ ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಬಿಡುತ್ತದೆ. "ನಿನ್ನ ಕುಕ್ಕರಿನ ಸೀಟಿ ಇದ್ದಂಗ ನೋಡು. ಬಿಗಿ ಮಾಡಿದ್ರ ಎಂಜಿನ್ ಉಳಿಯಂಗಿಲ್ಲ" ಎನ್ನುತ್ತಿದ್ದರು ನಮ್ಮವರು. ಅವರು ಇಟ್ಟ ಹಾಗೆಯೇ ಬಿಡಿ.

ಇನ್ನೊಂದು ಮಾತು. ಜೋರಾಗಿ ಓಡಿಸಿ ಬಂದರೆ ಟರ್ಬೊ ತಣಿಯುವವರೆಗೆ ಎಂಜಿನ್ ಚಾಲೂ ಇಡಿ ಎಂದು ಕೀಲಿ ಕೊಡುವಾಗ ನಾನೇ ಹೇಳಿದ್ದೆ. ಅವರೂ ದಿನಾ ಬಾಗಿಲ ಮುಂದೆ ಹಾಗೇ ಕೂತಿರುತ್ತಿದ್ದರು. ಆ ಸದ್ದು ಕೇಳಿ ನಾನು ಒಲೆಯ ಮೇಲೆ ಹಂಚು ಇಡುತ್ತಿದ್ದೆ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ ಆಗಿರುತ್ತಿತ್ತು.

ನಿನ್ನೆ ಅಕ್ಕನನ್ನು ನೋಡಲು ಬಂದ ನೀವು ನಮ್ಮ ಬಾಗಿಲಲ್ಲೇ ಗಾಡಿ ನಿಲ್ಲಿಸಿ, ನಾನು ಹೇಳಿದಂತೆಯೇ ಮಾಡಿದಿರಿ. ತಪ್ಪು ನಿಮ್ಮದಲ್ಲ. ಆದರೂ ಮುಂದಿನ ಸಲ ಓಣಿಯ ಆಚೆಯೇ ನಿಂತು, ಟರ್ಬೊ ತಣಿಸಿಕೊಂಡು ಬನ್ನಿ.

ನಿನ್ನೆ ಆ ಸದ್ದು ಕೇಳಿ ನಮ್ಮ ಅತ್ತೆ ತಮ್ಮ ಮಗನ ತಾಟು ಹಾಕಿ, "ಬಂದ ನೋಡವಾ, ಲಗೂ ರೊಟ್ಟಿ ಹಾಕು" ಎಂದು ಕೂಗಿದರು. ನಾನು ಆಗಲೇ ಹಂಚು ಇಟ್ಟಿದ್ದೆ.

ಇಷ್ಟನ್ನು ನಡೆಸಿಕೊಡಿ,
ಸುಕನ್ಯಾ ಮಾಲತೇಶ