ನನ್ನ ನೀರುಕರಡಿಗೊಂದು ನಂಬರ್

ಮಾರ್ಚ್ 3, ಮಂಗಳವಾರ, ಸಂಜೆ 4

ಮತ್ತೆ ಲ್ಯಾಬ್ ಕಂಪ್ಯೂಟರಿನ ಟರ್ಮಿನಲ್ ಮುಂದೆ. ಟೀ ಆರಿ ಹೋಯ್ತು, ಪರ್ವಾಗಿಲ್ಲ. ಪಾಚೀಲಿ ಸಿಕ್ಕ ನನ್ನ ನೀರುಕರಡಿ — ಮೈಕ್ರೋಸ್ಕೋಪಲ್ಲಿ ನೋಡ್ಬೇಕಾದ ಜೀವಿ, ಎಂಟು ಕಾಲು, ಸಾಸಿವೆ ಕಾಳಿಗಿಂತ ಚಿಕ್ಕದು, ಮುದ್ದು ಅಂದ್ರೆ ಮುದ್ದು — ಅದರ ಡಿಎನ್‌ಎ ಸೀಕ್ವೆನ್ಸ್ ಬಂದಿದೆ!! ಲ್ಯಾಬ್ ಮೇಡಂ ಅಂದ್ರು, "ಲೋಕದವರೆಲ್ಲ ಡಿಎನ್‌ಎ ಸೇರಿಸಿಡೋ ಡೇಟಾಬೇಸಲ್ಲಿರೋ ನೀರುಕರಡಿ ರೆಕಾರ್ಡ್ ಎಲ್ಲಾ ಇಳಿಸ್ಕೋ. ನಿಂದರ ಜೊತೆ ಹೋಲಿಸು. ಶುಕ್ರವಾರದೊಳಗೆ ಸರಿಯಾಗಿ ಮಾಡಿದ್ರೆ ನಿಂದನ್ನೂ ಅಲ್ಲಿಗೆ ಕಳಿಸೋಣ. ನಿನ್ನ ಹೆಸರಲ್ಲೇ."

ನನ್ನ! ಹೆಸರಲ್ಲಿ! ನಾಲ್ಕು ವರ್ಷದಿಂದ ಆನ್‌ಲೈನ್ ನೀರುಕರಡಿ ಗ್ರೂಪಲ್ಲಿ ಬೇರೆಯವರ ಪೋಸ್ಟಿಗೆ ಬರೀ ಹಾರ್ಟ್ ಒತ್ತಿದವಳು ನಾನು.

1914 ರೆಕಾರ್ಡ್. ಒಂದೊಂದೇ ಕ್ಲಿಕ್ ಮಾಡಿದ್ರೆ ಮುದುಕಿ ಆಗ್ತೀನಿ. ಇಫೆಚ್ ಅಂತ ಒಂದು ಕಮಾಂಡ್ ಇದೆ, ರೆಕಾರ್ಡಿನ ನಂಬರ್ ಕೊಟ್ರೆ ಅದನ್ನ ಇಳಿಸುತ್ತೆ. ಎಲ್ಲಾ ನಂಬರನ್ನೂ ಒಂದರ ಹಿಂದೊಂದು ತಾನೇ ಕೇಳೋ ಹಾಗೆ ಲೂಪಲ್ಲಿ ಹಾಕಿ ಎಂಟರ್.

4.40

ಮುಗೀತು. 1914 ಫೈಲ್. ಎಣಿಸಿದೆ. ಹೋಲಿಸಿದೆ... ನಂದಕ್ಕೆ ಯಾವುದೂ ಮ್ಯಾಚ್ ಆಗ್ತಿಲ್ಲ. ಯಾವುದೂ!! ಹೊಸ ಜಾತಿ?? ಗ್ರೂಪಲ್ಲಿ ಹಾಕ್ಬಿಟ್ಟೆ. ಇನ್ನೂರು ಹಾರ್ಟ್.

ಮಾರ್ಚ್ 4, ಬೆಳಿಗ್ಗೆ

ಪಿಎಚ್‌ಡಿ ಮಾಡ್ತಿರೋ ಲ್ಯಾಬ್ ಅಕ್ಕ ಕುರ್ಚಿ ಹಿಂದೆ ಬಂದು ನಿಂತ್ರು. "ನಿನ್ನೆ ಸಂಜೆಯಿಂದ ಡೇಟಾಬೇಸ್ ನಮ್ಮ ಲ್ಯಾಬಿಗೇ ಬಾಗಿಲು ಹಾಕಿದೆ. ಯಾರ ಕೈಚಳಕ?"

ಲೂಪ್ ತೋರಿಸಿದೆ. ಹಣೆ ಚಚ್ಚಿಕೊಂಡ್ರು.

"ತಾಯೀ, ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಕೇಳ್ಬಾರ್ದು. ಪಾಪ, ಅದಕ್ಕೆ ಉಸಿರಾಡೋಕೂ ಬಿಟ್ಟಿಲ್ಲ ನೀನು. ಫೈಲ್ ತೆರೆದು ನೋಡಿದ್ಯಾ?"

"ಎಣಿಸಿದೆ..."

"ಎಣಿಸಿದ್ಲಂತೆ!"

ತೆರೆದೆ. 212 ಆದ್ಮೇಲೆ ಪ್ರತಿ ಫೈಲಲ್ಲೂ ಒಂದೇ ಸಾಲು — ತುಂಬಾ ಸಲ ಕೇಳ್ತಿದ್ದೀರಿ, ನಿಲ್ಲಿಸಿ. ಸಾವಿರದ ಏಳ್ನೂರು ಬೈಗುಳನ ಜೋಪಾನವಾಗಿ ಸೇವ್ ಮಾಡಿಟ್ಟಿದೀನಿ.

ಗ್ರೂಪಲ್ಲಿ "ತಪ್ಪಾಯ್ತು" ಅಂತ ಹಾಕ್ದೆ. ಅದಕ್ಕೂ ಹಾರ್ಟ್. ಪಾಪಿಗಳು.

ಮಾರ್ಚ್ 6, ಶುಕ್ರವಾರ

ಬಾಗಿಲು ನಿನ್ನೆ ತೆರೀತು. ಈ ಸಲ ಒಂದೊಂದು ರೆಕಾರ್ಡಿಗೂ ಒಂದು ಸೆಕೆಂಡ್ ವಿರಾಮ. ಅಕ್ಕ, ನಾನು ಬಿಸ್ಕತ್ ತಿಂತಾ ಸಾಲು ಓಡೋದನ್ನೇ ನೋಡ್ತಾ ಕೂತ್ವಿ. ಫೈಲ್ ತೆರೆದೂ ನೋಡಿದ್ವಿ.

ಮ್ಯಾಚ್ ಆಯ್ತು. 99 ಪರ್ಸೆಂಟ್. ಹೊಸ ಜಾತಿ ಅಲ್ಲ.

ಸಪ್ಪೆ ಮೋರೆ ಹೊತ್ಕೊಂಡು ಮೇಡಂ ಹತ್ರ ಹೋದೆ.

"ಹೊಸದಲ್ಲ ಅಂದ್ರೆ ಬೇಡ ಅಂತಲ್ಲ ಮಗೂ. ನಮ್ಮ ಊರಿಂದ ಈ ಜಾತೀದು ಒಂದೂ ರೆಕಾರ್ಡ್ ಇಲ್ಲ. ನೋಡಿದ್ಯಾ?"

ನೋಡಿರ್ಲಿಲ್ಲ.

"ಡೇಟಾಬೇಸಿಗೆ ಕಳಿಸೋ ಫಾರ್ಮ್ ತುಂಬು."

ಮೆಟ್ಟಿಲ ಹತ್ರ ಹೋಗಿ ಒಬ್ಳೇ ಕುಣಿದೆ.

ಮಾರ್ಚ್ 12, ಬೆಳಿಗ್ಗೆ 8

ನನ್ನ ನೀರುಕರಡಿ ರೆಕಾರ್ಡಿಗೂ ನಂಬರ್ ಬಂತು!!! ಅಡುಗೆಮನೆ ಟೇಬಲ್ ಮೇಲೇ ಲ್ಯಾಪ್‌ಟಾಪ್. ಇಫೆಚ್, ನನ್ನ ನಂಬರ್, ಎಂಟರ್. ಸರಸರ ಇಳೀತು. ನನ್ನ ಹೆಸರು. ಇನಿಶಿಯಲ್ ಸಮೇತ.

ಅಮ್ಮ ಕೈ ಒರೆಸ್ಕೊಂಡು ಬಗ್ಗಿ ಓದಿದ್ಲು. "ಸಿಕ್ಕ ಜಾಗ... ಏನೇ ಇದು? ನಮ್ಮ ಬಚ್ಚಲ ಗೋಡೆ ಪಾಚಿ ಅಂತ ಲೋಕಕ್ಕೆಲ್ಲ ಸಾರಿದ್ಯಾ? ಅಳಿಸು!"

"ಅಳಿಸಲ್ಲಮ್ಮ. ಇನ್ಮೇಲೆ ಅದು ಅಲ್ಲೇ ಇರುತ್ತೆ. ಯಾರು ಬೇಕಾದ್ರೂ ಇಳಿಸ್ಕೋಬಹುದು."

ಅಮ್ಮ ಇನ್ನೊಂದು ಸಲ ಓದಿದ್ಲು, ನನ್ನ ಹೆಸರಿನ ಮೇಲೆ ಬೆರಳಿಟ್ಟು.

ಈಗ ಚಿಕ್ಕಮ್ಮಂಗೆ ಫೋನ್ ಹಚ್ಚಿದಾಳೆ. "ಲೇ, ನಮ್ಮ ಬಚ್ಚಲ ಗೋಡೆ ಇದೆಯಲ್ಲ, ಅದು ಈಗ..." ನಂಬರ್ ಹೇಳ್ಬೇಕಂತೆ, ಕರೀತಿದಾಳೆ — ಬಂದೆ ಅಮ್ಮಾ, ನಂಬರಲ್ಲಿ ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿ, ಬರ್ಕೊಳಕ್ಕೆ ಹೇಳು!