ಸೋಮವಾರವೇ ಹೊರಡುವ ಚೀಲ

ಹರವೆ
9-11-2025, ಭಾನುವಾರ

ನನ್ನ ಮುದ್ದು ಮಗಳು ನಾಗುವಿಗೆ,

ನಿನ್ನ ಅವ್ವ ಮನಸಾರೆ ಬೇಡುವ ಒಳಿತೆಲ್ಲ ನಿನಗಿರಲಿ. ಕಾಲಿನ ಊತ ಇಳಿಯಿತೇ? ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯಾ, ಇಲ್ಲ ಕಹಿ ಅಂತ ಕಿಟಕಿಯಾಚೆ ಎಸೆಯುತ್ತಿದ್ದೀಯಾ? ಚಿಕ್ಕವಳಿದ್ದಾಗ ಜ್ವರದ ಗುಳಿಗೆಯನ್ನು ದಾಸವಾಳದ ಬುಡಕ್ಕೆ ಹಾಕಿ, ನುಂಗಿಬಿಟ್ಟೆ ಅಂತ ಬಾಯಿ ತೆರೆದು ತೋರಿಸಿದವಳು ನೀನು, ಅದಕ್ಕೇ ಕೇಳಿದೆ. ಉಪ್ಪಿನಕಾಯಿ ಮುಟ್ಟಬೇಡ. ಎಡಮಗ್ಗುಲಿಗೆ ಮಲಗು. ಇಲ್ಲಿ ಮಾದಪ್ಪನ ದಯದಿಂದ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ನಿನ್ನ ಅಜ್ಜಿಯ ಗಂಟಲು ಮಾತ್ರ ದಿನದಿನಕ್ಕೆ ಗಟ್ಟಿಯಾಗುತ್ತಿದೆ, ಬೀದಿ ಕೊನೆಗೂ ಕೇಳಿಸುತ್ತದೆ. ಚೆಂಡುಹೂವಿನ ಕೊಯ್ಲು ಮುಗಿಯಿತು. ಅರಿಶಿನ ಇನ್ನೂ ಭೂಮಿಯಲ್ಲಿದೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನನ್ನ ಮಾತು ಮುಗಿಯಲು ನೀನು ಬಿಡುವುದಿಲ್ಲ. ನಾನು ಬರುತ್ತೇನೆ ಅಂದ ತಕ್ಷಣ “ಬ್ಯಾಡ ಬುಡವ್ವ, ಸುಮ್ನೆ ದುಡ್ಡು ದಂಡ” ಅಂತ ಕತ್ತರಿಸುತ್ತೀಯ. ಕಾಗದವನ್ನು ಕತ್ತರಿಸಲಾಗುವುದಿಲ್ಲ, ಕೂತು ಕೊನೆಯವರೆಗೆ ಓದು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ನಿನಗೆ ಪ್ರಯಾಣವೇ ಕೂಡದು ಅಂತ ಜೋಧಪುರದ ಡಾಕ್ಟರಮ್ಮ ಹೇಳಿದ ಮೇಲೆ, ನೀನು ತವರಿಗೆ ಬರಲಾಗದಿದ್ದರೆ ತವರೇ ನಿನ್ನ ಹತ್ತಿರ ಬರುತ್ತದೆ. ರೈಲಿನಲ್ಲಿ ತಿಂಗಳ ಕೊನೆಯವರೆಗೂ ಬರೀ ವೇಟಿಂಗ್ ಲಿಸ್ಟು. ಡಾಕ್ಟರಮ್ಮ ಹೆರಿಗೆ ಮೊದಲೇ ಆದರೂ ಆಗಬಹುದು ಅಂದಿದ್ದಾರಲ್ಲ, ಆ ಲಿಸ್ಟನ್ನು ನಂಬಿ ಕೂರಲು ನನ್ನಿಂದಾಗಲಿಲ್ಲ. ಹಾಗಾಗಿ ವಿಮಾನದಲ್ಲಿ ಬರುತ್ತಿದ್ದೇನೆ. ನಿನ್ನ ನೋವು ಶುರುವಾಗುವ ಹೊತ್ತಿಗೆ ನಾನು ನಿನ್ನ ಪಕ್ಕದಲ್ಲಿರಬೇಕು. ಉಳಿದಿದ್ದೆಲ್ಲ ಆಮೇಲಿನ ಮಾತು.

ಟಿಕೆಟ್ ತೆಗೆದ ಕಥೆ ಹೇಳುತ್ತೇನೆ ಕೇಳು. ಮೊದಲು ನಿಮ್ಮಪ್ಪನೂ ನಾನೂ ಚಾಮರಾಜನಗರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ಆನ್‌ಲೈನ್ ಅಂಗಡಿ ಇಟ್ಟಿರುವ ಮಲ್ಲೇಶನ ಹತ್ತಿರ ಕೂತೆವು. ಅವನು ಯಾವುದೋ ಟಿಕೆಟ್ ಸೈಟು ತೆಗೆದು, “ಅಕ್ಕಾ, ಆರು ಸಾವ್ರದ ಚಿಲ್ರೆ, ಸಸ್ತಾ ಸಿಕ್ತು” ಅಂದ. ನಾನು ಗೆದ್ದೆ ಅಂದುಕೊಂಡೆ. ಹೆಸರು, ವಯಸ್ಸು, ಆಧಾರ್, ಫೋನು ಎಲ್ಲ ಹಾಕಿಸಿಕೊಂಡ ಮೇಲೆ ಆ ಸೈಟು ತನ್ನ ಬುದ್ಧಿ ತೋರಿಸಿತು. ಪುಟ ತಿರುಗಿಸಿದ ಹಾಗೆಲ್ಲ ದರ ಏರುತ್ತಿತ್ತು. ಕಿಟಕಿ ಪಕ್ಕದ ಸೀಟಿಗೆ ಒಂದಿಷ್ಟು. ನಾನು ಕೇಳದೇ ಇದ್ದ ವಿಮೆಗೆ ಒಂದಿಷ್ಟು, ಅದರ ಮುಂದೆ ಅವರೇ ಸರಿ ಗುರುತು ಹಾಕಿಟ್ಟಿದ್ದರು. ಯಾವುದೋ ದತ್ತಿಗೆ ಹತ್ತು ರೂಪಾಯಿ, ಅದನ್ನೂ ನನ್ನನ್ನು ಕೇಳದೆ ನನ್ನ ಕೈಯಿಂದಲೇ ದಾನ ಮಾಡಿಸುತ್ತಿದ್ದರು. ಕೊನೆಯಲ್ಲಿ ಅನುಕೂಲ ಶುಲ್ಕ ಅಂತ ಒಂದು. ಯಾರಿಗಪ್ಪ ಅನುಕೂಲ ಅಂದರೆ ಮಲ್ಲೇಶ ತಲೆ ಕೆರೆದುಕೊಂಡ. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಬಂತು. ಅಷ್ಟರಲ್ಲಿ “ಇನ್ನು ಎರಡೇ ಸೀಟು” ಅಂತ ಕೆಂಪಕ್ಷರ ಬೇರೆ, ಮೇಲೊಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ನಿಮ್ಮಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಯಾನ್ಲಾ ಮಲ್ಲೇಸ, ಬಾಯಲ್ಲಿ ಒಂದು ರೇಟು, ಕೈಲಿ ಒಂದು ರೇಟಾ?” ಅಂದರು. ಪಾಪ, ಅವನದೇನು ತಪ್ಪು? ಆದರೂ ನನಗೂ ಅದೇ ಸಿಟ್ಟು. ಓಣಂ ಸಮಯದಲ್ಲಿ ಕೇರಳದ ಬತ್ತೇರಿಯಿಂದ ಹೂ ಕೊಳ್ಳಲು ಬರುವ ಸಾಹೇಬ ನಿನಗೆ ಗೊತ್ತಲ್ಲ. ಅಕ್ಕಾ ಅನ್ನುವುದಕ್ಕೆ ಚೇಚೀ, ಚೇಚೀ ಅಂತ ಹಲ್ಲು ಗಿಂಜುತ್ತ ಬೆಳಿಗ್ಗೆಯೆಲ್ಲ ಜಗ್ಗಾಡುತ್ತಾನೆ, ಆದರೆ ಒಂದು ಸಲ ರೇಟು ಒಪ್ಪಿದ ಮೇಲೆ ಮೂಟೆಗೆ ಹುರಿ ಕಟ್ಟಿದ್ದಕ್ಕೆ ಇಷ್ಟು, ಗಾಡಿಗೆ ಎತ್ತಿದ್ದಕ್ಕೆ ಇಷ್ಟು ಅಂತ ಯಾವತ್ತೂ ಹಿಡಿದುಕೊಂಡಿಲ್ಲ. ಅವನ ಮುಖ ನೋಡಿ ಬೈಯಬಹುದು. ಇಲ್ಲಿ ಮುಖವೇ ಇಲ್ಲ. ಟಿಕೆಟ್ ಇಲ್ಲದೆ ಬಸ್ಸು ಹತ್ತಿದೆವು. ನನಗೆ ಅಳು ಬಂತು, ದುಡ್ಡಿಗಲ್ಲ ಕಣೆ, ನೀನು ಅಲ್ಲಿ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ಓಡಾಡುವುದು ಕಣ್ಣಿಗೆ ಕಟ್ಟಿತು. ಮನೆಗೆ ಬಂದು ಮುಖ ತೊಳೆದುಕೊಂಡು, ಒಂದು ರೂಪಾಯಿಯನ್ನೂ ಹೆಚ್ಚಿಗೆ ಬಿಡದೆ ಹೋಗಿಯೇ ಹೋಗುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

ಗುರುವಾರ ಗುಂಡ್ಲುಪೇಟೆಗೆ ಹೋದೆ, ನಿನ್ನ ಚಿಕ್ಕಮ್ಮನ ಮನೆಗೆ. ಅವಳ ಮಗಳು ಬಿಂದುಶ್ರೀ ಬಿ.ಕಾಂ. ಮುಗಿಸಿ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಅಂಗಡಿಗೆ ಲೆಕ್ಕ ಬರೆಯುತ್ತಾಳೆ. ಅವಳನ್ನು ಕೂರಿಸಿಕೊಂಡು, ಸರಿ ಗುರುತು ಕಂಡಲ್ಲೆಲ್ಲ ತೆಗಿ, ಎಲ್ಲಾ ತೆಗಿ ಅಂದೆ. ವಿಮೆ ತೆಗೆದಳು, ದಾನ ತೆಗೆದಳು, ಊಟ ತೆಗೆದಳು. ಸೀಟು ನಾನು ಆರಿಸುವುದಿಲ್ಲ, ಅವರು ಎಲ್ಲಿ ಕೂರಿಸುತ್ತಾರೋ ಅಲ್ಲೇ ಕೂರುತ್ತೇನೆ, ನಿಂತುಕೊಂಡು ಹೋಗು ಅಂತ ಹೇಳಲಾಗುವುದಿಲ್ಲವಲ್ಲ ಅಂದೆ. ಒಂದೊಂದು ತೆಗೆದಾಗಲೂ ಆ ಸೈಟು “ಖಂಡಿತವೇ? ಅಪಾಯವಾದರೆ?” ಅಂತ ಹೆದರಿಸುತ್ತಿತ್ತು. ಹೆದರಿಸಲಿ. ನಿನ್ನ ಅಜ್ಜಿಯ ಕೈಕೆಳಗೆ ಮೂವತ್ತು ವರ್ಷ ಸೊಸೆಯಾಗಿ ಬಾಳಿದವಳನ್ನು ಒಂದು ಲ್ಯಾಪ್‌ಟಾಪ್ ಹೆದರಿಸುತ್ತದೆಯೇ? ಅನುಕೂಲ ಶುಲ್ಕ ಒಂದನ್ನು ಮಾತ್ರ ಕೀಳಲಾಗಲಿಲ್ಲ, ಅದು ದನದ ಕಿವಿಯ ಉಣ್ಣಿಯ ಹಾಗೆ ಕಚ್ಚಿಕೊಂಡಿತ್ತು. ಆಮೇಲೆ ಬಿಂದುಶ್ರೀ, “ದೊಡ್ಡಮ್ಮ, ಹದಿನೆಂಟಕ್ಕೆ ಎಲ್ಲಕ್ಕಿಂತ ಕಮ್ಮಿ ಅದೆ” ಅಂದಳು. ಒತ್ತು ಅಂದೆ. ಒತ್ತಿದಳು. ನಾವಿಬ್ಬರೂ ಕಾಫಿ ಕುಡಿದೆವು, ಕೇಕೆ ಹಾಕುವುದೊಂದೇ ಬಾಕಿ.

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ನನಗೂ ಹಾಗೇ ಆಯಿತು. ತೆಗಿ ತೆಗಿ ಅನ್ನುವ ಭರದಲ್ಲಿ ದೊಡ್ಡ ಬ್ಯಾಗನ್ನೂ ತೆಗೆಸಿಬಿಟ್ಟಿದ್ದೆ. ನಾವು ಹಿಡಿದದ್ದು ಬರೀ ಕೈಚೀಲದ ಟಿಕೆಟ್ಟು, ಏಳು ಕೆಜಿ ಮೀರುವಂತಿಲ್ಲ. ಅದು ಹೋಗಲಿ ಅಂದರೆ, ಮನೆಗೆ ಬಂದು ತಾರೀಖು ಹೇಳುತ್ತಲೇ ನಿನ್ನ ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಹದಿನೆಂಟು ಮಂಗಳವಾರ! “ಮಂಗ್ಳಾರ ಮನೆ ಬುಟ್ಟು ಓಗಿ ಬಾಣ್ತನ ಮಾಡಾಕಾದ್ದಾ? ಬುದ್ದಿ ಎಲ್ಲಿ ಮಡ್ಗಿದ್ದೀಯಮ್ಮಿ?” ಅಂದರು. ನಾನು ಬೇರೆ ದಿನವಾಗಿದ್ದರೆ ಎದುರುತ್ತರ ಕೊಡುತ್ತಿದ್ದೆ. ಆದರೆ ನಿನ್ನ ವಿಷಯ ಅಂದರೆ ನನಗೂ ಧೈರ್ಯ ಸಾಲದು. ಬೇರೆಯವರ ಮನೆಯ ಮಂಗಳವಾರಕ್ಕೆ ನಗುತ್ತೇನೆ, ನನ್ನ ಮಗಳ ಹೆರಿಗೆಯ ಮಂಗಳವಾರಕ್ಕೆ ನಗಲಾರೆ.

ಬುಧವಾರಕ್ಕೆ ಬದಲಾಯಿಸೋಣ ಅಂತ ಬಿಂದುಶ್ರೀಗೆ ಫೋನ್ ಮಾಡಿದೆ. ಅವಳು ನೋಡಿ ಹೇಳಿದಳು: ಬದಲಾವಣೆಗೆ ವಿಮಾನದವರ ದಂಡ ಬೇರೆ, ಸೈಟಿನವರ ದಂಡ ಬೇರೆ, ಬುಧವಾರದ ದರ ಹೆಚ್ಚಿರುವುದರಿಂದ ಅದರ ವ್ಯತ್ಯಾಸ ಬೇರೆ. ಮೂಗಿಗಿಂತ ಮೂಗುತಿ ಭಾರ. ರದ್ದು ಮಾಡಿದರೆ ವಾಪಸು ಬರುವುದು ಮೈಸೂರಿನ ಬಸ್ ಚಾರ್ಜಿಗೂ ಸಾಲದು. ಸಹಾಯವಾಣಿಗೆ ಫೋನ್ ಮಾಡಿದರೆ ಬೆಳಿಗ್ಗೆಯಿಂದ ಕಾಯಿರಿ ಅಂತ ಒಂದೇ ಪೀಪಿ ಊದಿದರು. ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ದಿನ ಒಳ್ಳೆಯದಲ್ಲ ಕಣಪ್ಪ, ಅದಕ್ಕೇ ಬದಲಾಯಿಸುತ್ತಿದ್ದೇನೆ ಅಂದೆ. ಅದಕ್ಕೂ ಚಾರ್ಜು ಅಷ್ಟೇ ಮೇಡಂ ಅಂದ. ಇಟ್ಟುಬಿಟ್ಟೆ. ನಿಮ್ಮಪ್ಪ ಗ್ರಾಹಕರ ಪರಿಹಾರ ವೇದಿಕೆಗೆ ದೂರು ಕೊಡುತ್ತೇನೆ ಅಂತ ಎದ್ದರು. ಕೊಡಿ, ನಾನು ಮೊಮ್ಮಗುವಿನ ಮುಖ ನೋಡಿ ಬಂದ ಮೇಲೆ ಸಾಕ್ಷಿಗೆ ನಾನೇ ಬರುತ್ತೇನೆ ಅಂದೆ.

ದಾರಿ ತೋರಿಸಿದ್ದು ನಿನ್ನ ಅಜ್ಜಿಯೇ. ಮತ್ತೆ ಎಲೆಯಡಿಕೆ ಕುಟ್ಟುತ್ತಾ, “ಪರಸ್ಥಾನ ಮಡಗ್ಬುಡು ಕಣಮ್ಮಿ, ಅವನ್ಗ್ಯಾಕ ದಂಡ ಕಟ್ಟೀಯೆ?” ಅಂದರು. ನಿನಗೆ ಗೊತ್ತಿದೆಯೋ ಇಲ್ಲವೋ. ಹೊರಡುವ ದಿನ ಒಳ್ಳೆಯದಲ್ಲದಿದ್ದರೆ, ಒಳ್ಳೆಯ ದಿನವೇ ಗಂಟನ್ನು ಮೊದಲು ಬೇರೆಯವರ ಮನೆಗೆ ಕಳಿಸಿಬಿಡುವುದು. ಗಂಟು ಹೊಸಿಲು ದಾಟಿತು ಅಂದರೆ ನಾವು ಹೊರಟ ಹಾಗೆಯೇ. ಹದಿನೇಳು ಕಡೇ ಕಾರ್ತಿಕ ಸೋಮವಾರ, ಶಿವನ ದಿನ, ಅದಕ್ಕಿಂತ ಒಳ್ಳೆಯ ದಿನ ಇನ್ನೆಲ್ಲಿ? ನಾನೇ ಅಂದು ಹೊರಡಬಹುದಿತ್ತು, ಆದರೆ ದೇವಸ್ಥಾನದಲ್ಲಿ ಅವತ್ತು ನಮ್ಮ ಮನೆಯ ದೀಪದ ಸರದಿ. ನಿನ್ನ ಹೆಸರಿನಲ್ಲಿ ಎಣ್ಣೆ ಹಾಕದೆ ಹೇಗೆ ಬರಲಿ? ಹಾಗಾಗಿ ಸೋಮವಾರ ಬಿಂದುಶ್ರೀ ಬಂದು ನನ್ನ ಚೀಲವನ್ನು ಗುಂಡ್ಲುಪೇಟೆಗೆ ಒಯ್ಯುತ್ತಾಳೆ. ಮಂಗಳವಾರ ಕೋಳಿ ಕೂಗುವ ಮುಂಚೆ ನಾನೂ ನಿಮ್ಮಪ್ಪನೂ ಅಲ್ಲಿಂದ ಚೀಲ ಎತ್ತಿಕೊಂಡು ಮೈಸೂರಿನ ಮೇಲೆ ಬೆಂಗಳೂರಿಗೆ ಹೋಗುತ್ತೇವೆ. ವಿಮಾನ ಸಂಜೆಗೆ. ನಿಮ್ಮಪ್ಪ ಗೇಟಿನವರೆಗೆ ಬಂದು ಹಿಂದಿರುಗುತ್ತಾರೆ. ಹೋದ ಗಂಟು ಮನೆಗೆ ವಾಪಸು ಬರಬಾರದು ಅನ್ನುವುದೂ ಶಾಸ್ತ್ರವೇ. ಆದ್ದರಿಂದ ಬೇಡ ಅಂತ ಮತ್ತೆ ಫೋನ್ ಮಾಡಬೇಡ.

ಚೀಲವನ್ನು ಈರುಳ್ಳಿ ತೂಗುವ ತಕ್ಕಡಿಯಲ್ಲಿ ತೂಗಿ ತೂಗಿ ಕಟ್ಟಿದ್ದೇನೆ. ರಾಗಿಹಿಟ್ಟು ಬಿಟ್ಟೆ. ಬೆಲ್ಲ ಬಿಟ್ಟೆ, ಜೋಧಪುರದಲ್ಲಿ ಬೆಲ್ಲ ಸಿಗದೇ ಇರುತ್ತದೆಯೇ? ನನ್ನ ಸೀರೆಗಳಲ್ಲಿ ಎರಡೇ. ಮೆಣಸು, ಒಣಶುಂಠಿ ಪುಡಿ ಮಾಡಿದರೆ ಗೇಟಿನಲ್ಲಿ ಕಿತ್ತುಕೊಳ್ಳಬಹುದು ಅಂತ ಬಿಂದುಶ್ರೀ ಅಂದಳು, ಇಡಿಯಾಗಿ ತಂದು ಅಲ್ಲೇ ಕುಟ್ಟುತ್ತೇನೆ. ಮಗುವಿಗೆ ಬಜೆ, ಮಾದಪ್ಪನ ವಿಭೂತಿ, ಕೂಸನ್ನು ಸುತ್ತಲು ಅಜ್ಜಿಯ ಹಳೇ ನೂಲಿನ ಸೀರೆ. ಅಜ್ಜಿ ಅದನ್ನು ತಾವೇ ಒಗೆದು, ಬಿಸಿಲಿಗೆ ಹಾಕಿ, ನಾಲ್ಕು ತುಂಡು ಮಾಡಿ ಕೊಟ್ಟರು. ಕೊಡುವಾಗ ಕಣ್ಣು ಒರೆಸಿಕೊಂಡು, ಬಿಸಿಲಿಗೆ ಅಂತ ಸುಳ್ಳು ಹೇಳಿದರು.

ಅಳಿಯಂದಿರು ಕುಮಾರಸ್ವಾಮಿಗೆ ನಮ್ಮೆಲ್ಲರ ಕ್ಷೇಮ ತಿಳಿಸು. ಆ ಸೋಲಾರ್ ಫಲಕಗಳ ನಡುವೆ ಬಿಸಿಲಲ್ಲಿ ಓಡಾಡುವವರು, ಮಜ್ಜಿಗೆ ಕುಡಿಯಲು ಹೇಳು. ವಿಮಾನ ನಿಲ್ದಾಣಕ್ಕೆ ಅವರೊಬ್ಬರೇ ಬರಲಿ, ನೀನು ಹೊಸಿಲು ಇಳಿಯಬೇಡ. ಹೊಟ್ಟೆಯಲ್ಲಿರುವ ಕಂದನಿಗೆ ಹೇಳು, ಅಜ್ಜಿ ಬರುವವರೆಗೆ ಸ್ವಲ್ಪ ತಡಿ ಅಂತ. ಮಲೆಯ ಮಾದಪ್ಪ ಹೆರಿಗೆಯಲ್ಲಿ ತಾಯಿ ಮಗುವನ್ನು ಸುಸೂತ್ರವಾಗಿ ಬೇರೆ ಬೇರೆ ಮಾಡಿ ಸುಖವಾಗಿಡಲಿ.

ನಿನ್ನ ಅವ್ವ,
ಮಹಾಲಕ್ಷ್ಮಮ್ಮ

ಮರೆತಿದ್ದೆ: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ತಡೆದಿದ್ದೆ. ಮೊನ್ನೆ ನೀನು ಬರಬೇಡ ಅಂತ ಹೇಳಿ ಫೋನ್ ಇಟ್ಟ ಮೇಲೆ ಕುಮಾರಸ್ವಾಮಿ ಫೋನ್ ಮಾಡಿದ್ದರು. “ಅತ್ತೆ, ಅವ್ಳು ಬಚ್ಚಲಲ್ಲಿ ನಲ್ಲಿ ಬುಟ್ಕೊಂಡು ಅಳ್ತಾವಳೆ, ನೀವು ಬಂದ್ಬುಡಿ” ಅಂದರು. ಅವರನ್ನು ಬೈಯಬೇಡ. ಇನ್ನೊಂದು ಮಾತು, ನಾನು ತೆಗೆಸಿರುವುದು ಬರುವ ಟಿಕೆಟ್ ಒಂದೇ. ವಾಪಸಿನದನ್ನೂ ಈಗಲೇ ತೆಗೆದರೆ ಕಮ್ಮಿ, ಆಮೇಲೆ ಎರಡರಷ್ಟಾಗುತ್ತದೆ, ತಾರೀಖು ಹೇಳು ದೊಡ್ಡಮ್ಮ ಅಂತ ಬಿಂದುಶ್ರೀ ಬಹಳ ಕೇಳಿದಳು. ಹೇಳಲಿಲ್ಲ. ಎರಡರಷ್ಟಲ್ಲ, ಮೂರರಷ್ಟಾಗಲಿ, ಅದನ್ನು ಮಾತ್ರ ನಾನು ಜಗಳವಾಡದೆ ಕೊಡುತ್ತೇನೆ.